ಹಿಂದಿನ ಸಾಲಿನ ಚರ್ಮವಾದ್ಯ ಮುಂದೆ ಕೇಳಿಸಿದಾಗ

ಸಂಗೀತ ಉತ್ಸವದಲ್ಲಿ ಸೌಂಡ್ ಕೆಲಸ ಮಾಡುವವರಿಗೆ ಗಡಿಯಾರವೇ ಯಜಮಾನ. ಒಂದು ತಂಡ ಇಳಿದು ಇನ್ನೊಂದು ಹತ್ತುವ ನಡುವೆ ಸಿಗುವುದು ಹದಿನೈದು, ಇಪ್ಪತ್ತು ನಿಮಿಷ. ಅಷ್ಟರಲ್ಲಿ ಮೈಕ್‌ಗಳನ್ನು ಬದಲಿಸಬೇಕು, ಒಂದೊಂದು ಮೈಕಿನ ದನಿಯೂ, ಎಲ್ಲವನ್ನೂ ಸೇರಿಸಿ ಹದ ಮಾಡುವ ಮಿಕ್ಸರ್‌ಗೆ ಬರುತ್ತಿದೆಯಾ ಅಂತ ನೋಡಬೇಕು. ಮೊದಲೇ ನುಡಿಸಿ ದನಿ ಹೊಂದಿಸಿಕೊಳ್ಳುವ ಪೂರ್ತಿ ಸೌಂಡ್ ಚೆಕ್ ಸಿಗುವುದು ಹೆಚ್ಚಾಗಿ ದೊಡ್ಡ ಹೆಸರಿನವರಿಗೆ. ಹೊಸಬರಿಗೆ ಮೊದಲ ಹಾಡೇ ಸೌಂಡ್ ಚೆಕ್.

ಲ್ಯಾಟಿನ್ ಅಮೆರಿಕದ ಸಂಗೀತ ನುಡಿಸುವ ತಂಡ ಬಂದರೆ ಕೆಲಸ ಇನ್ನೂ ಜಾಸ್ತಿ. ಕೈಯಿಂದ ಬಡಿಯುವ ಚರ್ಮವಾದ್ಯಗಳಾದ ಕೋಂಗಾ, ಬೊಂಗೊ, ಕಡ್ಡಿಯಿಂದ ಬಡಿಯುವ ಟಿಂಬಾಲೆಸ್, ಜೊತೆಗೆ ಊದುವ ಟ್ರಂಪೆಟ್, ಟ್ರಾಂಬೋನ್. ವರ್ಷಗಳ ಹಿಂದೆ ಮೊದಲ ಸಲ ಇಂಥ ತಂಡಕ್ಕೆ ಮಿಕ್ಸರ್ ಮುಂದೆ ಕೂತಾಗ, ರಾಕ್ ಬ್ಯಾಂಡಿಗೆ ಮಾಡುವಂತೆಯೇ ಮಾಡಿದೆ. ಗಾಯಕನ ದನಿ, ಬೇಸ್, ಡ್ರಮ್ಸ್ ಮುಂದೆ. ಕೈಯಲ್ಲಿ ನುಡಿಸುವ ವಾದ್ಯಗಳೆಲ್ಲ ಎಲೆಯ ತುದಿಯ ಉಪ್ಪಿನಕಾಯಿ. ಜನ ಕೈಕಟ್ಟಿ ನಿಂತರು. ಒಬ್ಬರ ಕಾಲೂ ಅಲುಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಕೋಂಗಾ ನುಡಿಸುವವರು ನನ್ನ ಹತ್ತಿರ ಬಂದರು. ಬೈಯಲಿಲ್ಲ. ಚೀಲದಿಂದ ಎರಡು ದಪ್ಪ ಮರದ ಕಡ್ಡಿ ತೆಗೆದು ಬಡಿದು ತೋರಿಸಿದರು. ‘ಇದು ಕೇಳಿಸದಿದ್ದರೆ ಉಳಿದದ್ದೆಲ್ಲ ಬರೀ ಸದ್ದು’ ಅಂದರು.

ಆ ಕಡ್ಡಿಗಳ ಹೆಸರು ಕ್ಲಾವೆ. ಅದರಲ್ಲಿ ನುಡಿಸುವ ಬಡಿತದ ಹೆಸರೂ ಕ್ಲಾವೆಯೇ. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಕೀಲಿ ಎಂಬ ಅರ್ಥವಿದೆ. ನೀವೇ ಹಾಕಿ ನೋಡಿ. ಒಂದೇ ವೇಗದಲ್ಲಿ 16ರವರೆಗೆ ಎಣಿಸಿ, 1, 4, 7, 11, 13 ಬಂದಾಗ ಚಪ್ಪಾಳೆ ತಟ್ಟಿ. ಮೊದಲ ಎಂಟರಲ್ಲಿ ಮೂರು ಪೆಟ್ಟು, ಎರಡನೇ ಎಂಟರಲ್ಲಿ ಎರಡು. ಕ್ಯೂಬಾದ ಸಂಗೀತದ ಬಹುಪಾಲು ಈ ಐದು ಪೆಟ್ಟಿನ ಸುತ್ತ ಹೆಣೆದದ್ದು. ಪಿಯಾನೊ, ಬೇಸ್, ಹಾಡು ಎಲ್ಲವೂ ಇದಕ್ಕೆ ಹೊಂದಿಕೊಳ್ಳುತ್ತವೆ. ಕೆಲವೊಮ್ಮೆ ಕಡ್ಡಿಯನ್ನು ಯಾರೂ ಬಡಿಯುತ್ತಿರುವುದಿಲ್ಲ, ಆದರೂ ಎಲ್ಲರ ತಲೆಯಲ್ಲೂ ಅದು ಓಡುತ್ತಿರುತ್ತದೆ.

ಉತ್ಸವದಲ್ಲಿ ಹೆಸರು ಮಾಡಿದ ಲ್ಯಾಟಿನ್ ಕಲಾವಿದರ ಕಥೆಗಳನ್ನು ಅಲ್ಲಿಂದಾಚೆಗೆ ನಾನು ಬೇರೆ ಕಿವಿಯಿಂದ ಕೇಳತೊಡಗಿದೆ.

1969ರ ಆಗಸ್ಟ್ 16, ನ್ಯೂಯಾರ್ಕ್ ರಾಜ್ಯದ ಬೆಥೆಲ್‌ನ ಹೈನುಗಾರಿಕೆಯ ಜಮೀನು. ವುಡ್‌ಸ್ಟಾಕ್ ಉತ್ಸವದ ಎರಡನೇ ದಿನ. ಮಧ್ಯಾಹ್ನ ವೇದಿಕೆ ಹತ್ತಿದ ಸಾಂಟಾನಾ ತಂಡದ ಒಂದು ಆಲ್ಬಮ್ ಕೂಡ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಆಚೆ ಅವರನ್ನು ಬಲ್ಲವರು ಕಡಿಮೆ. ಅವರಿಗೆ ಜಾಗ ಕೊಡಲೇಬೇಕು ಎಂದು ಹಟ ಹಿಡಿದವರು ಕಾರ್ಯಕ್ರಮ ಆಯೋಜಕ ಬಿಲ್ ಗ್ರಹಾಂ. ಮೆಕ್ಸಿಕೊದ ಆಟ್ಲಾನ್‌ನಲ್ಲಿ ಹುಟ್ಟಿದ ಕಾರ್ಲೋಸ್ ಸಾಂಟಾನಾಗೆ ಆಗ 22 ವರ್ಷ. ತಂದೆ ಮೆಕ್ಸಿಕೊದ ಜನಪ್ರಿಯ ಮಾರಿಯಾಚಿ ಸಂಗೀತದ ಪಿಟೀಲುವಾದಕ. ತಂಡದ ಡ್ರಮ್ಮರ್ ಮೈಕಲ್ ಶ್ರೀವ್‌ಗೆ ಬರೀ 20.

ಅವರು ನುಡಿಸಿದ ‘ಸೋಲ್ ಸ್ಯಾಕ್ರಿಫೈಸ್’ನಲ್ಲಿ ಮಾತೇ ಇಲ್ಲ. ಇದು ಬಹಳ ದೊಡ್ಡ ಸಂಗತಿ ಅಂತ ನನಗನ್ನಿಸುತ್ತದೆ. ಎದುರಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಹೆಚ್ಚಿನವರಿಗೆ ಸ್ಪ್ಯಾನಿಷ್ ಬಾರದು. ಮೈಕ್ ಕ್ಯಾರಬೆಲೊ ಕೋಂಗಾ, ನಿಕರಾಗುವಾದ ಚೆಪಿತೊ ಅರೆಯಾಸ್ ಟಿಂಬಾಲೆಸ್, ಜೊತೆಗೆ ಶ್ರೀವ್ ಡ್ರಮ್ಸ್. ಮೂವರ ಬಡಿತದ ಮೇಲೆ ಗಿಟಾರ್ ತೇಲಿತು. ಅಲ್ಲಿ ಸೌಂಡ್ ನೋಡಿಕೊಂಡವರು ಬಿಲ್ ಹ್ಯಾನ್ಲಿ. ಅಷ್ಟು ದೊಡ್ಡ ಬಯಲಿಗೆ ಸೌಂಡ್ ಕೊಟ್ಟ ಅನುಭವ ಆಗ ಹೆಚ್ಚು ಜನರಿಗೆ ಇರಲಿಲ್ಲ. ಇವತ್ತಿಗೂ ಆ ದಾಖಲೆ ಕೇಳಿದರೆ ಕೋಂಗಾದ ಚರ್ಮದ ಮೇಲೆ ಅಂಗೈ ಬೀಳುವುದು ಗೊತ್ತಾಗುತ್ತದೆ. ನಮ್ಮ ವೃತ್ತಿಯವರು ಅದಕ್ಕೆ ಕೈಮುಗಿಯಬೇಕು.

ಅದೇ ತಿಂಗಳು ಮೊದಲ ಆಲ್ಬಮ್ ಬಂತು, ಅಮೆರಿಕದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. 1970ರಲ್ಲಿ ಉತ್ಸವದ ಸಾಕ್ಷ್ಯಚಿತ್ರ ತೆರೆಗೆ ಬಂದು, ಬಯಲಿಗೆ ಹೋಗದಿದ್ದವರೂ ಆ ಮಧ್ಯಾಹ್ನವನ್ನು ನೋಡಿದರು. ಉತ್ಸವದಲ್ಲಿ ಚೆನ್ನಾಗಿ ನುಡಿಸಿದರೆ ಸಾಲದು, ಅದನ್ನು ಯಾರಾದರೂ ಚೆನ್ನಾಗಿ ದಾಖಲಿಸಿರಬೇಕು. ಎಷ್ಟೋ ಒಳ್ಳೆಯ ಕಾರ್ಯಕ್ರಮಗಳು ಗಾಳಿಗೆ ಹೋಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗಲೂ ಸಂಕಟವಾಗುತ್ತದೆ.

ವುಡ್‌ಸ್ಟಾಕ್‌ಗೂ ನಾಲ್ಕು ವರ್ಷ ಮೊದಲು, 1965ರಲ್ಲಿ, ಅರ್ಜೆಂಟೀನಾದ ಕೊಸ್ಕಿನ್‌ನಲ್ಲಿ ನಡೆದದ್ದು ನನಗೆ ಇನ್ನೂ ಇಷ್ಟ. ಕೊಸ್ಕಿನ್ ಬೆಟ್ಟಗಳ ನಡುವಿನ ಸಣ್ಣ ಊರು. ಕ್ಷಯರೋಗಿಗಳು ಆರೈಕೆಗೆ ಬರುವ ಜಾಗ ಅಂತಲೇ ಹೆಸರಾಗಿತ್ತು. ಆ ಹೆಸರು ಅಳಿಸಲೆಂದೇ ಊರಿನವರು 1961ರಲ್ಲಿ ಜಾನಪದ ಸಂಗೀತ ಉತ್ಸವ ಶುರು ಮಾಡಿದರು. ಬಡ ಕುಟುಂಬದಿಂದ ಬಂದ ಟುಕುಮಾನ್‌ನ ಗಾಯಕಿ ಮೆರ್ಸೆಡೆಸ್ ಸೋಸಾ ಅಲ್ಲಿ ಹಾಡುವುದು ಸಂಘಟಕರಿಗೆ ಬೇಕಿರಲಿಲ್ಲ. ಅವರ ಎಡಪಂಥೀಯ ರಾಜಕೀಯವೇ ಕಾರಣ. ಆಗ ಹೆಸರಾಂತ ಗಾಯಕ ಹೋರ್ಹೆ ಕಫ್ರುನೆ ತಮ್ಮ ಸಮಯದಲ್ಲೇ ಆಕೆಯನ್ನು ವೇದಿಕೆಗೆ ಕರೆದರು. ಬೇರೆ ವಾದ್ಯ ಇಲ್ಲ. ಕೈಯಲ್ಲಿ ಬೊಂಬೊ ಎಂಬ ಒಂದು ಚರ್ಮವಾದ್ಯ ಅಷ್ಟೇ. ಮೂಲನಿವಾಸಿಗಳ ಅಳಿವಿನ ಹಾಡು ಹಾಡಿದರು. ಜನ ಎದ್ದು ನಿಂತರು. ಆಮೇಲೆ ದೊಡ್ಡ ರೆಕಾರ್ಡ್ ಕಂಪನಿಯ ಕರೆ ಬಂತು.

ಬೊಂಬೊ ಬಗ್ಗೆ ಒಂದು ಮಾತು. ಮರದ ದಿಮ್ಮಿಯನ್ನು ಕೊರೆದು, ಕೂದಲು ತೆಗೆಯದ ಚರ್ಮ ಬಿಗಿದು ಮಾಡುವ ವಾದ್ಯ ಅದು. ಅದರ ಪೂರ್ತಿ ಹೆಸರು ಬೊಂಬೊ ಲೆಗ್ವೆರೊ. ಒಂದು ಲೆಗ್ವಾ ದೂರ, ಅಂದರೆ ಸುಮಾರು 5 ಕಿಲೋಮೀಟರ್, ಕೇಳಿಸುತ್ತದೆ ಅನ್ನುವ ನಂಬಿಕೆಯಿಂದ ಬಂದ ಹೆಸರು. ಇಲ್ಲಿ ಕ್ಲಾವೆ ಇಲ್ಲ. ಲಯದ ಕುಲವೇ ಬೇರೆ. ಆದರೆ ಒಂದು ದನಿ, ಒಂದು ಚರ್ಮವಾದ್ಯ ಅಂದರೆ ಮಿಕ್ಸರ್ ಮುಂದೆ ಕೂತವನು ಹಾಳು ಮಾಡಲು ಹೆಚ್ಚೇನೂ ಉಳಿಯುವುದಿಲ್ಲ, ಅಲ್ವಾ?

1978ರಲ್ಲಿ ಕ್ಯೂಬಾದ ಇರಾಕೆರೆ ತಂಡ ನ್ಯೂಪೋರ್ಟ್ ಜಾಝ್ ಉತ್ಸವದಲ್ಲೂ, ಸ್ವಿಟ್ಜರ್ಲೆಂಡಿನ ಮಾಂಟ್ರೂನಲ್ಲೂ ನುಡಿಸಿತು. ಚೂಚೊ ವಾಲ್ಡೇಸ್‌ರ ಪಿಯಾನೊ ಜೊತೆಗೆ ಪೂಜೆಯ ಚರ್ಮವಾದ್ಯವಾದ ಬಾಟಾ ಕೂಡ ಇತ್ತು. ಆ ಎರಡು ಕಾರ್ಯಕ್ರಮಗಳ ಧ್ವನಿಮುದ್ರಣವೇ ಆಲ್ಬಮ್ ಆಗಿ, ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ಈಗ ದಾರಿ ತಿರುವುಮುರುವಾಗಿದೆ. 2023ರಲ್ಲಿ ಪೋರ್ಟೊ ರಿಕೊದ ಗಾಯಕ ಬ್ಯಾಡ್ ಬನ್ನಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಮುಖ್ಯ ಕಲಾವಿದರಾಗಿ ಹಾಡಿದಾಗ, ಅದಕ್ಕೆ ಮೊದಲೇ ಸತತ ಮೂರು ವರ್ಷ ಫೋನಿನಲ್ಲಿ ಹಾಡು ಕೇಳುವ ಸ್ಪಾಟಿಫೈನಲ್ಲಿ ಜಗತ್ತು ಅತಿ ಹೆಚ್ಚು ಕೇಳಿದ್ದು ಅವರನ್ನೇ. ಅಲ್ಲಿ ಉತ್ಸವ ಕಲಾವಿದನನ್ನು ಬೆಳೆಸಲಿಲ್ಲ, ತಡವಾಗಿ ಒಪ್ಪಿಕೊಂಡಿತು. ಫೋನಿನಲ್ಲಿ ಇನ್ನೂ ಹೆಸರಾಗದ ತಂಡಗಳಿಗೆ ಮಾತ್ರ ಹಳೆಯ ದಾರಿಯೇ ಗತಿ. ಅರ್ಧ ಗಂಟೆ, ಗೊತ್ತಿಲ್ಲದ ಜನ, ಮಧ್ಯಾಹ್ನದ ಬಿಸಿಲು.

ಅಂಥ ತಂಡ ಬಂದರೆ ನಾನು ಮೊದಲು ಕೇಳುವುದು, ನಿಮ್ಮಲ್ಲಿ ಬಡಿತ ಕಾಯುವವರು ಯಾರು ಅಂತ. ಅವರ ಮೈಕ್ ಮೊದಲು ತೆರೆಯುತ್ತೇನೆ. ವೇದಿಕೆಯ ಮೇಲಿರುವ ಎಲ್ಲರ ಮಾನಿಟರ್‌ಗೂ, ಅಂದರೆ ನುಡಿಸುವವರಿಗೆ ಕೇಳಿಸಲೆಂದು ಇಡುವ ಸ್ಪೀಕರ್‌ಗೂ, ಅದನ್ನೇ ಮೊದಲು ಕೊಡುತ್ತೇನೆ. ಕೋಂಗಾಕ್ಕೆ ಒಂದೇ ಮೈಕ್ ಇಟ್ಟು ಮುಗಿಸುವುದಿಲ್ಲ, ಒಂದೊಂದಕ್ಕೂ ಒಂದೊಂದು. ಗಾಯಕನ ದನಿ ಕೊನೆಗೆ. ಆಮೇಲೆ ಮುಂದಿನ ಸಾಲಿನ ಜನರ ಕಾಲುಗಳನ್ನು ನೋಡುತ್ತಾ ಮಿಕ್ಸ್ ಮಾಡುತ್ತೇನೆ.