ಸಮುದ್ರ ದಾಟದ ಸುಧಾರಣೆ

1900ರ ನವೆಂಬರ್‌ನಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊರಿಕೊದಿಂದ ನ್ಯೂಯಾರ್ಕ್ ಬಂದರಿಗೆ ಬಂದ ಕಿತ್ತಳೆ ಹಣ್ಣಿಗೆ 659 ಡಾಲರ್ 35 ಸೆಂಟ್ ಆಮದು ಸುಂಕ ಬಿತ್ತು. ಎರಡು ವರ್ಷದ ಹಿಂದೆ ಸ್ಪೇನನ್ನು ಸೋಲಿಸಿ ಅಮೆರಿಕ ಪೋರ್ಟೊರಿಕೊ, ಗುವಾಮ್, ಫಿಲಿಪ್ಪೀನ್ಸ್‌ಗಳನ್ನು ವಶಪಡಿಸಿಕೊಂಡಿತ್ತು. ನಮ್ಮದೇ ನೆಲದ ಹಣ್ಣಿಗೆ ಆಮದು ಸುಂಕವೇಕೆ ಎಂದು ವ್ಯಾಪಾರಿ ಡೌನ್ಸ್ ನ್ಯಾಯಾಲಯದ ಮೆಟ್ಟಿಲೇರಿದರು. 1901ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅವರ ವಾದವನ್ನು ತಳ್ಳಿಹಾಕಿತು. ದ್ವೀಪವು ಅಮೆರಿಕದ ಸ್ವತ್ತೇ ಹೊರತು ಅದರ ಭಾಗವಲ್ಲ, ಸಂವಿಧಾನದ ರಕ್ಷಣೆಯೆಲ್ಲ ಅಲ್ಲಿಯವರಿಗೆ ತಾನಾಗಿ ದಕ್ಕುವುದಿಲ್ಲ ಎಂಬುದು ತೀರ್ಪಿನ ಸಾರ.

ಅಮೆರಿಕದ ‘ಪ್ರಗತಿಪರ ಯುಗ’ ಎಂಬ ಸುಧಾರಣೆಯ ಕಾಲ ಚಿಗುರಿದ್ದೂ ಇದೇ ಹೊತ್ತಿನಲ್ಲಿ. ಆ ಹೆಸರು ಸುಳ್ಳಲ್ಲ. 1901ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಮೆಕಿನ್ಲೆಯವರ ಹತ್ಯೆಯಾದ ಬಳಿಕ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್, ಬ್ಯಾಂಕರ್ ಜೆ.ಪಿ. ಮಾರ್ಗನ್ ಕೂಟದ ಬೃಹತ್ ರೈಲ್ವೆ ಕಂಪನಿಯ ವಿರುದ್ಧ ಮೊಕದ್ದಮೆ ಹೂಡಿ 1904ರಲ್ಲಿ ಗೆದ್ದರು. 1902ರ ಕಲ್ಲಿದ್ದಲು ಮುಷ್ಕರದಲ್ಲಿ ಗಣಿ ಮಾಲೀಕರನ್ನೂ ಕಾರ್ಮಿಕ ನಾಯಕರನ್ನೂ ಒಟ್ಟಿಗೆ ಮಾತುಕತೆಗೆ ಕರೆಸಿದರು. 1906ರ ಜೂನ್‌ನಲ್ಲಿ ಮಾಂಸ ತಪಾಸಣೆ ಕಾಯ್ದೆಗೂ ಆಹಾರ, ಔಷಧಗಳ ಕಲಬೆರಕೆ ತಡೆಯುವ ಕಾಯ್ದೆಗೂ ಸಹಿ ಹಾಕಿದರು.

ಅದೇ ವರ್ಷದ ನವೆಂಬರ್‌ನಲ್ಲಿ ಅವರು ಪನಾಮ ಕಾಲುವೆಯ ಕೆಲಸ ನೋಡಲು ಹೋದರು. ಆ ನೆಲ ಕೈಗೆ ಬಂದ ಬಗೆಯೇ ಬೇರೆ. ಪನಾಮ ಆಗ ಕೊಲಂಬಿಯಾದ ಭಾಗವಾಗಿತ್ತು. ಕೊಲಂಬಿಯಾದ ಸೆನೆಟ್ ಅಮೆರಿಕದೊಂದಿಗಿನ ಕಾಲುವೆ ಒಪ್ಪಂದವನ್ನು ತಿರಸ್ಕರಿಸಿದ ಮೇಲೆ, 1903ರ ನವೆಂಬರ್ 3ರಂದು ಪನಾಮದಲ್ಲಿ ದಂಗೆಯೆದ್ದಿತು. ಅಮೆರಿಕದ ಯುದ್ಧನೌಕೆ ಆಗಲೇ ಕೊಲೋನ್ ಬಂದರಿನಲ್ಲಿತ್ತು. ಮೂರೇ ದಿನಗಳಲ್ಲಿ ಹೊಸ ದೇಶಕ್ಕೆ ಮಾನ್ಯತೆ, ಅದೇ ತಿಂಗಳು ಅದರೊಂದಿಗೆ ಕಾಲುವೆ ಒಪ್ಪಂದ.

ಕಾಲುವೆ ವಲಯದಲ್ಲಿ ವೈದ್ಯ ಗೋರ್ಗಾಸ್ ಸೊಳ್ಳೆಗಳನ್ನು ಹತ್ತಿಕ್ಕಿ ಹಳದಿ ಜ್ವರವನ್ನು ಅಳಿಸಿದರು. ವಿಜ್ಞಾನವನ್ನು ನಂಬಿದ ಆಡಳಿತ ಏನು ಮಾಡಬಲ್ಲದು ಎಂಬುದಕ್ಕೆ ಅದು ನಿಜವಾದ ಸಾಕ್ಷಿ. ಆದರೆ ಸಂಬಳದ ಪಟ್ಟಿ ಎರಡಾಗಿತ್ತು. ಬಿಳಿಯ ಅಮೆರಿಕನ್ನರಿಗೆ ಚಿನ್ನದ ಪಟ್ಟಿ, ಬಾರ್ಬಡೋಸ್ ಮುಂತಾದ ದ್ವೀಪಗಳಿಂದ ಬಂದ ಕಪ್ಪು ಕಾರ್ಮಿಕರಿಗೆ ಬೆಳ್ಳಿಯ ಪಟ್ಟಿ. ಮನೆ, ಅಂಗಡಿ, ಅಂಚೆ ಕಚೇರಿಯ ಕಿಂಡಿ ಎಲ್ಲವೂ ಪ್ರತ್ಯೇಕ. ಹಳದಿ ಜ್ವರ ಹೋದ ಮೇಲೂ ಇಕ್ಕಟ್ಟಾದ ಬಿಡಾರಗಳಲ್ಲಿ ನ್ಯುಮೋನಿಯಾ ಬೆಳ್ಳಿ ಪಟ್ಟಿಯವರನ್ನು ಕೊಲ್ಲುತ್ತಲೇ ಇತ್ತು. ಅಮೆರಿಕದ ಕಾಲದಲ್ಲಿ ಕಾಲುವೆಗೆ ಬಲಿಯಾದ 5,600ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಅವರೇ.

ಸುಧಾರಕರ ಈ ಎರಡು ಮುಖಗಳನ್ನು ಬಿಡಿಬಿಡಿಯಾಗಿ ನೋಡುವುದು ನನಗೆ ಒಪ್ಪಿಗೆಯಿಲ್ಲ. ಜನರಿಗೆ ಯಾವುದು ಒಳಿತೆಂದು ತಜ್ಞರು ನಿರ್ಧರಿಸಬಲ್ಲರು ಎಂಬ ವಿಶ್ವಾಸವೇ ಎರಡಕ್ಕೂ ಬೇರು. ತವರಿನಲ್ಲಿ ಮತದಾರ ಆ ತಜ್ಞರನ್ನು ಪ್ರಶ್ನಿಸಬಹುದಿತ್ತು. ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ, ಪನಾಮದಲ್ಲಿ ಆ ದಾರಿಯಿರಲಿಲ್ಲ. ಫಿಲಿಪ್ಪೀನ್ಸ್‌ನ ಗವರ್ನರ್ ಆಗಿದ್ದ ಟಾಫ್ಟ್ ಮುಂದೆ ಅಧ್ಯಕ್ಷರಾಗಿ ಏಕಸ್ವಾಮ್ಯ ಕಂಪನಿಗಳ ವಿರುದ್ಧ ರೂಸ್‌ವೆಲ್ಟ್‌ಗಿಂತ ಹೆಚ್ಚು ಮೊಕದ್ದಮೆ ಹೂಡಿದರು. 1913ರಲ್ಲಿ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಸ್ಥಾಪಿಸಿದ ಮುಂದಿನ ಅಧ್ಯಕ್ಷ ವಿಲ್ಸನ್, 1915ರಲ್ಲಿ ಹೈಟಿಗೆ ಸೇನೆ ಕಳುಹಿಸಿದರು. ಅದು ಅಲ್ಲಿಂದ ಹೊರಟದ್ದು 1934ರಲ್ಲಿ.

ಪೋರ್ಟೊರಿಕೊದವರಿಗೆ 1917ರಲ್ಲಿ ಪೌರತ್ವ ಸಿಕ್ಕಿತು. ಆದರೆ ದ್ವೀಪದಲ್ಲಿ ನೆಲೆಸಿದವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಇಂದಿಗೂ ಮತವಿಲ್ಲ. ಅಂಗವಿಕಲರಿಗೂ ವೃದ್ಧರಿಗೂ ಇರುವ ಫೆಡರಲ್ ನೆರವಿನ ಯೋಜನೆಯೊಂದರಿಂದ ಅವರನ್ನು ಹೊರಗಿಟ್ಟದ್ದು ಸರಿಯೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಫಲಿತಾಂಶವನ್ನು ಒಪ್ಪಿದ ನ್ಯಾಯಮೂರ್ತಿ ಗೋರ್ಸಚ್ ಕೂಡ, ಡೌನ್ಸ್ ಪ್ರಕರಣವೂ ಸೇರಿದಂತೆ 1901ರಲ್ಲಿ ಶುರುವಾದ ಆ ಸರಣಿಯ ತೀರ್ಪುಗಳನ್ನು ರದ್ದುಪಡಿಸಬೇಕೆಂದು ಪ್ರತ್ಯೇಕವಾಗಿ ಬರೆದರು. ಅವು ಇನ್ನೂ ರದ್ದಾಗಿಲ್ಲ.