ಸ್ಲ್ಯಾಬ್ ದುರಸ್ತಿ: ಕಂಬಿಯ ಹಿಂದಿನ ಗಟ್ಟಿ ಕಾಂಕ್ರೀಟನ್ನೂ ಯಾಕೆ ಒಡೆಯಬೇಕು?

ಶಿವಮೊಗ್ಗ, ತೀರ್ಥಹಳ್ಳಿ ಕಡೆ ಹಳೇ ತಾರಸಿ ಮನೆ ರಿಪೇರಿ ಎಂದರೆ ಹೆಚ್ಚಾಗಿ ಇದೇ ಕಥೆ. ಸ್ಲ್ಯಾಬಿನ ತಳದಲ್ಲಿ ಕಾಂಕ್ರೀಟ್ ಉದುರಿ ಕೆಂಪು ಕಂಬಿ ಕಾಣುತ್ತಿರುತ್ತದೆ. ಇಡೀ ಸ್ಲ್ಯಾಬ್ ಕೆಡವಬೇಕಿಲ್ಲ, ಕೆಟ್ಟಷ್ಟನ್ನೇ ತೆಗೆದರೆ ಸಾಕು. ಆದರೆ ಕೆಟ್ಟಿದ್ದು ಎಷ್ಟು?

ಮೊದಲು ಕೆಳಗಿನಿಂದ ಜಾಕ್ (ತಾತ್ಕಾಲಿಕ ಆಧಾರದ ಕಂಬ) ಕೊಡಿ. 5 ಇಂಚಿನ ಸ್ಲ್ಯಾಬ್ ಚದರ ಮೀಟರಿಗೆ 300 ಕೆಜಿಗೂ ಜಾಸ್ತಿ ತೂಗುತ್ತದೆ. ಆಮೇಲೆ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಜಾಗ ಬೊದ್ ಅನ್ನುತ್ತದೆ. ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ.

ಇಲ್ಲಿಯವರೆಗೆ ಸರಿ. ನನ್ನ ತಲೆಗೆ ಹೋಗದೇ ಇದ್ದದ್ದು ಮುಂದಿನ ಮಾತು: ಟಣ್ ಅನ್ನುವ ಕಾಂಕ್ರೀಟನ್ನೂ ಒಡೆಯಬೇಕು, ಅದೂ ಕಂಬಿಯ ಹಿಂದೆ 20 ಮಿಮೀವರೆಗೆ. ಗಟ್ಟಿ ಇದ್ದಿದ್ದನ್ನು ಸುಮ್ನೆ ಯಾಕೆ ಹಾಳು ಮಾಡಬೇಕು, ಅಲ್ವಾ?

ಕಾರಣ ಹೀಗಿದೆ. ಹೊಸ ಕಾಂಕ್ರೀಟಿನ ಪಿಎಚ್ (ಕ್ಷಾರ ಎಷ್ಟಿದೆ ಎಂದು ಹೇಳುವ ಅಳತೆ) 12ರ ಮೇಲಿರುತ್ತದೆ. ಅಷ್ಟು ಕ್ಷಾರ ಇದ್ದರೆ ಕಂಬಿಗೆ ತುಕ್ಕು ಹತ್ತುವುದಿಲ್ಲ. ವರ್ಷಗಟ್ಟಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಪಿಎಚ್ 9ರ ಆಚೀಚೆ ತಂದುಬಿಡುತ್ತದೆ. ಕಾಂಕ್ರೀಟ್ ಮಾತ್ರ ಗಟ್ಟಿಯಾಗಿಯೇ ಉಳಿಯುತ್ತದೆ, ಅದಕ್ಕೇ ಸುತ್ತಿಗೆಗೆ ಇದು ಗೊತ್ತಾಗುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಎರಡೂ ಕಡೆಯಿಂದ ಏಟು: ಒಣ ತಿಂಗಳಲ್ಲಿ ಗಾಳಿ ಒಳಹೋಗುತ್ತದೆ, ಮಳೆಗಾಲದಲ್ಲಿ ತುಕ್ಕಿಗೆ ಬೇಕಾದ ನೀರು ಬರುತ್ತದೆ. ಹೊಸದಾಗಿ ಒಡೆದ ಮುಖದ ಮೇಲೆ ಫಿನಾಲ್ಫ್ತಲೀನ್ (ಕ್ಷಾರ ಇದ್ದರೆ ಬಣ್ಣ ತೋರಿಸುವ ದ್ರಾವಣ) ಸಿಂಪಡಿಸಿ ನೋಡಿ. ಗುಲಾಬಿ ಬಣ್ಣ ಬಂದರೆ ಕ್ಷಾರ ಇನ್ನೂ ಇದೆ. ಬಣ್ಣವೇ ಬರದಿದ್ದರೆ ಅಲ್ಲಿ ಕಂಬಿಗೆ ಕಾವಲಿಲ್ಲ.

ಈಗ ಕಂಬಿಯ ಕೆಳಭಾಗಕ್ಕೆ ಮಾತ್ರ ಹೊಸ ಗಾರೆ ಮೆತ್ತಿದರೆ ಏನಾಗುತ್ತದೆ? ಒಂದೇ ಕಂಬಿ, ಅರ್ಧ ಕ್ಷಾರದಲ್ಲಿ, ಅರ್ಧ ಕ್ಷಾರ ಸತ್ತ ಕಾಂಕ್ರೀಟಿನಲ್ಲಿ. ಬ್ಯಾಟರಿ ಸೆಲ್ಲಿನ ಎರಡು ತುದಿ ಇದ್ದ ಹಾಗೆ. ಹಳೇ ಕಡೆ ಆನೋಡ್ (ಸೆಲ್ಲಿನಲ್ಲಿ ಕರಗುವ ತುದಿ) ಆಗಿ ಅಲ್ಲಿ ತುಕ್ಕು ಜೋರಾಗುತ್ತದೆ. ಪ್ಯಾಚ್ ಚೆನ್ನಾಗಿದ್ದು ಅದರ ಪಕ್ಕದಲ್ಲೇ ಹೊಸ ಬಿರುಕು ಬರುವುದು ಇದಕ್ಕೇ. ಹಾಗಾಗಿ ಕಂಬಿಯ ಸುತ್ತಲೂ ಬಿಡಿಸಬೇಕು. ಉದ್ದಕ್ಕೂ ಅಷ್ಟೇ, ತುಕ್ಕು ಮುಗಿದ ಮೇಲೆ ಇನ್ನೂ 50 ಮಿಮೀ ಶುದ್ಧ ಕಂಬಿ ಕಾಣುವವರೆಗೆ ಹೋಗಬೇಕು. ಒಡೆಯುವ ಗಡಿಯನ್ನು ಹೇಳುವುದು ಕಂಬಿ, ಸೀಮೆಸುಣ್ಣದ ಗೆರೆಯಲ್ಲ.

ಕಂಬಿ ಎಷ್ಟು ಸವೆದಿದೆ ಅನ್ನುವುದಕ್ಕೆ ನನಗೆ ಇಷ್ಟವಾದ ಲೆಕ್ಕ: ತುಕ್ಕು ಉಜ್ಜಿ ತೆಗೆದು ವ್ಯಾಸ ಅಳೆಯಿರಿ, ವರ್ಗ ಮಾಡಿ. ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. 8 ಮಿಮೀ ಇದ್ದದ್ದು 7 ಆಗಿದ್ದರೆ 64ರಲ್ಲಿ 49 ಉಳಿಯಿತು. ಬರೀ 1 ಮಿಮೀ ಅನಿಸಿದರೂ ಹತ್ತಿರ ಹತ್ತಿರ ಕಾಲು ಭಾಗ ಹೋಗಿದೆ. ಅಷ್ಟು ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟುವ ಬಗ್ಗೆ ಎಂಜಿನಿಯರನ್ನು ಕೇಳಲೇಬೇಕು.

ಒಡೆಯುವ ಮಷೀನ್ ಚಿಕ್ಕದಿರಲಿ. ದೊಡ್ಡ ಬ್ರೇಕರ್ ಹೊಡೆತಕ್ಕೆ ಉಳಿಯಬೇಕಾದ ಕಾಂಕ್ರೀಟಿನಲ್ಲೂ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಪ್ಯಾಚ್ ಅಲ್ಲಿಂದಲೇ ಬಿಟ್ಟುಕೊಳ್ಳುತ್ತದೆ. ಅಂಚನ್ನು ಕಟ್ಟರ್‌ನಲ್ಲಿ ನೇರವಾಗಿ ಕೊಯ್ಯಿರಿ, 10 ಮಿಮೀ ಸಾಕು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಪ್ರಕಾರ ಸೌಮ್ಯ ಪರಿಸರದಲ್ಲಿ ಸ್ಲ್ಯಾಬಿಗೆ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) 20 ಮಿಮೀ ಅಂತ ಓದಿರುತ್ತೇವೆ. ಹಳೇ ಮನೆಯಲ್ಲಿ ಅದನ್ನು ನಂಬಬೇಡಿ, ಒಂದು ಕಡೆ ಕೆದಕಿ ಅಳೆದ ಮೇಲೆಯೇ ಬ್ಲೇಡ್ ಇಳಿಸಿ.