ವಾಷಿಂಗ್ಟನ್ ಸ್ಟೇಟನ್ನು ಯಾರೂ ಯಾಕೆ ಕರೆಯಲಿಲ್ಲ?

ಓದುಗರ ಪ್ರಶ್ನೆ: ನನ್ನ ಮಗಳು ಅಮೆರಿಕದ ಪುಲ್‌ಮನ್ ಊರಿನಲ್ಲಿ, ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ. ಅವರ ಫುಟ್‌ಬಾಲ್ ಕಾನ್ಫರೆನ್ಸ್ ಒಡೆದು ಹತ್ತು ಕಾಲೇಜುಗಳು ಬೇರೆ ಕಡೆ ಹೋದವಂತೆ. ಇವರನ್ನು ಮಾತ್ರ ಯಾರೂ ಕರೆಯಲಿಲ್ಲವಂತೆ. ಅಲ್ಲಿನವರಿಗೆ ಇನ್ನೂ ಆ ಬೇಜಾರು ಹೋಗಿಲ್ಲ. ತಂಡ ಚೆನ್ನಾಗಿಯೇ ಆಡುತ್ತದೆ ಅಲ್ವಾ? ಮತ್ತೆ ಇವರೆಲ್ಲ ನೋಡುವುದಾದರೂ ಏನನ್ನು?

ಉತ್ತರ: ಚೆನ್ನಾಗಿ ಆಡುವುದಕ್ಕೂ ಕರೆ ಬರುವುದಕ್ಕೂ ನಂಟು ತುಂಬಾ ಕಡಿಮೆ. 2022ರಲ್ಲಿ ಕೊಲರಾಡೊ ತಂಡ 12 ಪಂದ್ಯ ಆಡಿ ಒಂದೇ ಒಂದು ಗೆದ್ದಿತು. ಅದೇ ವರ್ಷ ಒರೆಗಾನ್ ಸ್ಟೇಟ್ 13ರಲ್ಲಿ 10 ಗೆದ್ದಿತು. ಮರುವರ್ಷ ಜುಲೈನಲ್ಲಿ ಬಿಗ್ 12 ಎಂಬ ಬೇರೆ ಕಾನ್ಫರೆನ್ಸ್ ಕರೆದದ್ದು ಕೊಲರಾಡೊವನ್ನು. ಒರೆಗಾನ್ ಸ್ಟೇಟ್ ನಿಮ್ಮ ಮಗಳ ಕಾಲೇಜಿನ ಜೊತೆ ಹಿಂದೆ ಉಳಿಯಿತು. ಕೊಲರಾಡೊ ಅಷ್ಟರಲ್ಲಿ ಡಿಯಾನ್ ಸ್ಯಾಂಡರ್ಸ್ ಎಂಬ ಹಳೆಯ ಸ್ಟಾರ್ ಆಟಗಾರನನ್ನು ಕೋಚ್ ಆಗಿ ತಂದಿತ್ತು. ಆತ ಇದ್ದ ಕಡೆ ಟಿವಿ ಕ್ಯಾಮೆರಾ ಇರುತ್ತದೆ.

ಲೆಕ್ಕ ಶುರುವಾಗುವುದೇ ಟಿವಿಯಿಂದ. ಕಾನ್ಫರೆನ್ಸ್ ಎಂದರೆ ತಮ್ಮತಮ್ಮಲ್ಲೇ ಜಾಸ್ತಿ ಆಡುವ ಕಾಲೇಜುಗಳ ಕೂಟ. 1984ರವರೆಗೆ ಯಾವ ಪಂದ್ಯ ಟಿವಿಯಲ್ಲಿ ಬರಬೇಕು ಎಂಬುದು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ಕೋರ್ಟಿಗೆ ಹೋದವು, ಸುಪ್ರೀಂ ಕೋರ್ಟ್ ಆ ಹಿಡಿತ ತಪ್ಪಿಸಿತು. ಅಲ್ಲಿಂದ ಕೂಟಗಳು ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು. ಬಿಗ್ ಟೆನ್ ಎಂಬ ಕೂಟ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಏಳು ವರ್ಷದ ಒಪ್ಪಂದ 700 ಕೋಟಿ ಡಾಲರ್ ದಾಟುತ್ತದೆ.

ಈಗ ಊಟದ ಪಂಕ್ತಿ ನೆನೆಸಿಕೊಳ್ಳಿ. ಹತ್ತು ಎಲೆ ಹಾಕಿದ್ದಾರೆ, ಬಡಿಸಲು ವರ್ಷಕ್ಕೆ 60 ಕೋಟಿ ಇದೆ. ಎಲೆಗೆ 6 ಕೋಟಿ. ಹನ್ನೊಂದನೆಯವರು ಬಂದು ಕೂತರೆ ಚಾನೆಲ್‌ನವರು ಕನಿಷ್ಠ ಇನ್ನೂ 6 ಕೋಟಿ ತರಬೇಕು. ಇಲ್ಲದಿದ್ದರೆ ಮೊದಲು ಕೂತವರ ಎಲೆಯಿಂದಲೇ ತೆಗೆದು ಬಡಿಸಬೇಕಾಗುತ್ತದೆ. 'ನೀವು ಬಂದರೆ ನನ್ನ ಪಾಲು ಎಷ್ಟು ಏರುತ್ತದೆ?' ಎಂಬುದೇ ಅಸಲಿ ಪ್ರಶ್ನೆ.

ನಿಮ್ಮ ಮಗಳ ಕಾಲೇಜು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಪುಲ್‌ಮನ್ ಗೋಧಿ ಹೊಲಗಳ ದಿಬ್ಬಗಳ ನಡುವೆ, ಐಡಹೊ ಗಡಿಯ ಪಕ್ಕದಲ್ಲಿರುವ ಸಣ್ಣ ಊರು. ಸಿಯಾಟಲ್‌ನಿಂದ 450 ಕಿ.ಮೀ. ಮೇಲೆಯೇ ಆಗುತ್ತದೆ. ಕ್ರೀಡಾಂಗಣದಲ್ಲಿ ಸುಮಾರು 33,000 ಸೀಟು. ರಾಜ್ಯದ ದೊಡ್ಡ ನಗರದಲ್ಲಿ, ಕೆರೆ ದಡದಲ್ಲೇ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಕೂತಿದೆ. ಅದನ್ನು ಸೇರಿಸಿಕೊಂಡ ಮೇಲೆ ಸಿಯಾಟಲ್‌ನ ಟಿವಿಗಳೆಲ್ಲ ಸಿಕ್ಕಂತೆಯೇ. ಅದೇ ರಾಜ್ಯದಿಂದ ಇನ್ನೊಂದು ಎಲೆ ಯಾಕೆ ಅನ್ನುತ್ತಾರೆ.

ನಿಮ್ಮ ಮಗಳ ಕಾಲೇಜು ಇದ್ದ ಪ್ಯಾಕ್-12 ಕೂಟ ಒಡೆದ ಕತೆ ಚುಟುಕಾಗಿ ಹೇಳುತ್ತೇನೆ. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಎರಡೂ ಬಿಗ್ ಟೆನ್‌ಗೆ ಹೋಗುತ್ತೇವೆ ಎಂದವು. ಉಳಿದವರ ಮುಂದೆ ಕೊನೆಗೆ ಬಂದದ್ದು ಆಪಲ್‌ನ ಸ್ಟ್ರೀಮಿಂಗ್ ಒಪ್ಪಂದದ ಪ್ರಸ್ತಾಪ. ಚಂದಾದಾರರು ಸೇರಿದಷ್ಟು ದುಡ್ಡು, ಗ್ಯಾರಂಟಿ ಕಡಿಮೆ. 2023ರ ಆಗಸ್ಟ್ 4ರಂದು ಒಂದೇ ದಿನ ಐದು ಕಾಲೇಜು ಎದ್ದು ಹೋದವು. ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ. ಆರಿಜೋನ, ಆರಿಜೋನ ಸ್ಟೇಟ್, ಯೂಟಾ ಬಿಗ್ 12ಗೆ. ಒರೆಗಾನ್, ವಾಷಿಂಗ್ಟನ್‌ಗೂ ಪೂರ್ತಿ ಊಟ ಸಿಗಲಿಲ್ಲ, ಶುರುವಿನಲ್ಲಿ ಅರ್ಧ ಪಾಲಿನಷ್ಟೇ. 1915ರಲ್ಲಿ ಶುರುವಾದ ಕೂಟ ಹೀಗೆ ಬೇಸಿಗೆ ರಜೆಯಲ್ಲಿ ಕರಗಿಹೋಯಿತು.

ಊರು ದೊಡ್ಡದಿದ್ದರೆ ಸಾಕಾ? ಹಿಂದೆ ಸಾಕಾಗಿತ್ತು. ಬಿಗ್ ಟೆನ್ 2014ರಲ್ಲಿ ರಟ್ಗರ್ಸ್ ಮತ್ತು ಮೇರಿಲ್ಯಾಂಡನ್ನು ಸೇರಿಸಿಕೊಂಡದ್ದು ಅವರ ಆಟ ನೋಡಿ ಅಲ್ಲ. ಒಂದು ನ್ಯೂಯಾರ್ಕ್ ಪಕ್ಕ, ಇನ್ನೊಂದು ವಾಷಿಂಗ್ಟನ್ ಡಿ.ಸಿ. ಪಕ್ಕ. ಆ ಕೂಟಕ್ಕೆ ಸ್ವಂತ ಚಾನೆಲ್ ಇದೆ. ಅಲ್ಲಿನ ಕೇಬಲ್ ಪ್ಯಾಕೇಜಿಗೆ ಅದು ಸೇರಿದರೆ, ಪಂದ್ಯ ನೋಡದ ಮನೆಯಿಂದಲೂ ತಿಂಗಳು ತಿಂಗಳು ದುಡ್ಡು ಬರುತ್ತದೆ. ಆಮೇಲೆ ಜನ ಕೇಬಲ್ ಕೀಳಿಸತೊಡಗಿದರು. ಈಗ ಊರಿನ ಮನೆಗಳನ್ನು ಎಣಿಸಿದರೆ ಪ್ರಯೋಜನವಿಲ್ಲ, ಶನಿವಾರ ನಿಜವಾಗಿ ಕೂತು ನೋಡುವವರನ್ನೇ ಎಣಿಸಬೇಕು. ಟೆಕ್ಸಾಸ್, ಒಕ್ಲಹೋಮ ತಂಡಗಳನ್ನು ದೇಶದ ಯಾವ ಮೂಲೆಯಲ್ಲಾದರೂ ಹಾಕಿಕೊಂಡು ನೋಡುತ್ತಾರೆ. ಎಸ್‌ಇಸಿ ಎಂಬ ಇನ್ನೊಂದು ಕೂಟ ಅವನ್ನು ಎಳೆದುಕೊಂಡದ್ದು ಅದಕ್ಕೇ.

ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕತೆ ನನಗೆ ಇದರಲ್ಲಿ ಎಲ್ಲಕ್ಕಿಂತ ಕುತೂಹಲ. ಮಕ್ಕಳಿಗೆ ಅಲ್ಲೊಂದು ಸೀಟು ಸಿಗಲಿ ಎಂದು ಹರಕೆ ಹೊರುವ ಕನ್ನಡದ ಮನೆಗಳು ಬೇ ಏರಿಯಾದಲ್ಲಿ ಕಡಿಮೆ ಇಲ್ಲ. ಹೆಸರಿದೆ, ಕಾಸಿದೆ, ನಗರವಿದೆ. ಆದರೆ ಅಲ್ಲಿಯ ಜನ ಕಾಲೇಜು ಫುಟ್‌ಬಾಲ್ ಅಷ್ಟಾಗಿ ನೋಡುವುದಿಲ್ಲ. ಕೊನೆಗೆ ಅಟ್ಲಾಂಟಿಕ್ ತೀರದ ಎಸಿಸಿ ಕೂಟಕ್ಕೆ ಸೇರಿದವು, ಏಳು ವರ್ಷ ಟಿವಿ ದುಡ್ಡಿನ ಸುಮಾರು 30% ಪಾಲು ಸಾಕು ಎಂದು ಒಪ್ಪಿಕೊಂಡು. ಜೊತೆಗೆ ಬಂದ ಡಲ್ಲಾಸ್‌ನ ಎಸ್‌ಎಂಯು ಒಂಬತ್ತು ವರ್ಷ ಆ ದುಡ್ಡೇ ಬೇಡ ಎಂದಿತು. ಅದಕ್ಕೆ ಹಳೆಯ ವಿದ್ಯಾರ್ಥಿಗಳಾದ ಸಾಹುಕಾರರ ಬೆಂಬಲವಿದೆ. ಹೊಸಬರ ಲೆಕ್ಕದಲ್ಲಿ ಇಎಸ್‌ಪಿಎನ್ ಚಾನೆಲ್ ಕೊಡುವ ದುಡ್ಡು ಹೀಗೆ ಬಹುಪಾಲು ಹಳೆಯ ಸದಸ್ಯರಿಗೇ ಉಳಿಯಿತು. ಬಂದವರು ಖಾಲಿ ಎಲೆ ಮುಂದೆ ಕೂತರು, ಕೂತಿದ್ದವರಿಗೆ ಎರಡನೇ ಸಲ ಬಡಿಸಿದರು.

ಓದಿನ ಹೆಸರು, ರಾಜ್ಯದ ರಾಜಕೀಯ ಇವೂ ಸ್ವಲ್ಪ ಕೆಲಸ ಮಾಡುತ್ತವೆ. ಆದರೆ ಟಿವಿ ಲೆಕ್ಕ ಕೂಡದಿದ್ದರೆ ಅವು ಬಾಗಿಲು ತೆರೆಸಲಾರವು.

ನನಗೆ ಈ ಅಳತೆ ತಪ್ಪು ಅನ್ನಿಸುತ್ತದೆ. ಇಎಸ್‌ಪಿಎನ್ ಶನಿವಾರ ಬೆಳಿಗ್ಗೆ ಒಂದೊಂದು ವಾರ ಒಂದೊಂದು ಊರಿನಿಂದ ಕಾಲೇಜ್ ಗೇಮ್‌ಡೇ ಕಾರ್ಯಕ್ರಮ ಮಾಡುತ್ತದೆ. ಗುಂಪಿನ ಹಿಂದೆ ಒಂದು ಕಡುಗೆಂಪು ಬಾವುಟ ಹಾರಾಡುತ್ತಿರುತ್ತದೆ. ಅದು ವಾಷಿಂಗ್ಟನ್ ಸ್ಟೇಟ್‌ನದು. 2003ರ ಅಕ್ಟೋಬರ್‌ನಲ್ಲಿ ಶುರುವಾಗಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ವಾರವೂ ತಪ್ಪದೆ ಅಲ್ಲಿ ನಿಂತಿದೆ. ಹಳೆಯ ವಿದ್ಯಾರ್ಥಿಗಳು ಊರಿಂದೂರಿಗೆ ಪಾರ್ಸೆಲ್ ಮಾಡಿ ಕಳಿಸುತ್ತಾರೆ, ಅಲ್ಲಿ ಯಾರೋ ಬೆಳಗಿನ ಜಾವ ಎದ್ದು ಹೋಗಿ ಹಿಡಿದು ನಿಲ್ಲುತ್ತಾರೆ. ಸುಮ್ನೆ, ಪ್ರೀತಿಗೆ. ಚಾನೆಲ್‌ನ ಲೆಕ್ಕದಲ್ಲಿ ಈ ಪ್ರೀತಿಗೆ ಖಾತೆಯೇ ಇಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ಮತ್ತು ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಎದುರಾದವು. ವಾಷಿಂಗ್ಟನ್ ಆಗ ಬಿಗ್ ಟೆನ್ ಸದಸ್ಯ. ಕೊನೆಯ ಹೊತ್ತಿನಲ್ಲಿ ಅದಕ್ಕೆ ಗೆರೆ ದಾಟಲು ಬೇಕಿದ್ದದ್ದು ಒಂದು ಗಜ. ವಾಷಿಂಗ್ಟನ್ ಸ್ಟೇಟ್ ಹುಡುಗರು ಬಿಡಲಿಲ್ಲ. 24-19.

ಹಿಂದೆ ಉಳಿದ ವಾಷಿಂಗ್ಟನ್ ಸ್ಟೇಟ್, ಒರೆಗಾನ್ ಸ್ಟೇಟ್ ಇಬ್ಬರೂ ಪ್ಯಾಕ್-12 ಹೆಸರು ಬಿಟ್ಟುಕೊಟ್ಟಿಲ್ಲ. ಕೋರ್ಟಿಗೆ ಹೋಗಿ ಕೂಟದ ಹಿಡಿತ ತಮ್ಮ ಕೈಗೇ ತಂದುಕೊಂಡರು. ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್‌ಗಳನ್ನು ಕರೆದರು. ಪುಲ್‌ಮನ್‌ಗೆ ಹತ್ತಿರದ ಗೊನ್‌ಜಾಗಾವನ್ನೂ ಕರೆದರು. ಅದಕ್ಕೆ ಫುಟ್‌ಬಾಲ್ ತಂಡವೇ ಇಲ್ಲ, ಬ್ಯಾಸ್ಕೆಟ್‌ಬಾಲ್‌ಗೆ ಹೆಸರುವಾಸಿ. ನಿಯಮದ ಪ್ರಕಾರ ಫುಟ್‌ಬಾಲ್ ಆಡುವ ಎಂಟು ಸದಸ್ಯರು ಬೇಕಿತ್ತು. ಎಂಟನೆಯದಾಗಿ ಬಂದದ್ದು ಟೆಕ್ಸಾಸ್ ಸ್ಟೇಟ್. 2026ರ ಜುಲೈನಿಂದ ಹೊಸ ಪಂಕ್ತಿ. ಈ ಸಲ ಎಲೆ ಹಾಕಿದವರು ಪುಲ್‌ಮನ್‌ನವರು.